ಅಳಗುಳಿಮಣೆಯ ಮೇಲೆ ಪ್ರೋಗ್ರಾಮಿಂಗ್: ಎಂಟರಿಂದ ಹತ್ತನೇ ತರಗತಿಗೆ ಆರು ಪೀರಿಯಡ್‌ಗಳ ಪಾಠ

ಹೈಸ್ಕೂಲಿನಲ್ಲಿ ಪ್ರೋಗ್ರಾಮಿಂಗ್ ಕಲಿಸುವಾಗ ಲಿಸ್ಟ್ (ಸಾಲಾಗಿ ಜೋಡಿಸಿದ ಬೆಲೆಗಳ ಪಟ್ಟಿ) ಮತ್ತು ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸುತ್ತು) ಎರಡೂ ಒಟ್ಟಿಗೆ ಬರುವ ಪಾಠದಲ್ಲಿ ಬಹಳ ಮಕ್ಕಳು ಕೈಬಿಟ್ಟುಹೋಗುತ್ತಾರೆ. ಬೋರ್ಡಿನ ಮೇಲಿದ್ದದ್ದನ್ನು ತಪ್ಪಿಲ್ಲದೆ ಟೈಪ್ ಮಾಡುತ್ತಾರೆ, ಉತ್ತರವೂ ಬರುತ್ತದೆ. ಆದರೆ ನಾಲ್ಕನೇ ಸಾಲು ನಡೆದ ಮೇಲೆ ಒಳಗೆ ಏನು ಬದಲಾಯಿತು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಮಕ್ಕಳು ದಡ್ಡರಲ್ಲ, ಒಳಗೆ ನಡೆಯುವುದು ಅವರ ಕಣ್ಣಿಗೆ ಬಿದ್ದೇ ಇಲ್ಲ. ಹಾಗಾಗಿ ಮೊದಲು ಕೈಯಿಂದ ಮುಟ್ಟಿ ನಡೆಸಬಹುದಾದ ಒಂದು ಯಂತ್ರ ಬೇಕು. ಅದು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ: ಅಳಗುಳಿಮಣೆ. ಕರಾವಳಿಯಲ್ಲಿ ಆಟಿ ತಿಂಗಳ ಮಳೆಯಲ್ಲಿ ಆಡುವ ಚೆನ್ನೆಮಣೆಯೂ ಇದೇ. ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿ, ಪ್ರತಿ ಗುಳಿಯಲ್ಲಿ ಒಂದಿಷ್ಟು ಕಾಳು. ಇದನ್ನು ಪ್ರೋಗ್ರಾಮರ್ ನೋಡಿದರೆ 14 ಅಂಕಿಗಳ ಲಿಸ್ಟ್ ಎನ್ನುತ್ತಾರೆ.

ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಚಟುವಟಿಕೆಗಳು ಹೊಸವಲ್ಲ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದಲ್ಲಿ ಅಂಥ ಪಾಠಗಳ ದೊಡ್ಡ ಸಂಗ್ರಹವೇ ಬೆಳೆದಿದೆ. ಅಳಗುಳಿಮಣೆಗೆ ಅವುಗಳ ಮೇಲೆ ಒಂದು ಅನುಕೂಲ ಹೆಚ್ಚು. ನೆಲದ ಮೇಲೆ ಆಡಿದ ಆಟವನ್ನೇ ಸಾಲು ಸಾಲಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಇಳಿಸಬಹುದು, ನಡುವೆ ಬೇರೆ ಉದಾಹರಣೆಗೆ ಹಾರಬೇಕಿಲ್ಲ.

ಏನೇನು ಬೇಕು

40 ಮಕ್ಕಳ ತರಗತಿಗೆ ನಾಲ್ವರಂತೆ 10 ಗುಂಪು. ಮರದ ಮಣೆ ಒಂದೆರಡು ಸಿಕ್ಕರೆ ತೋರಿಸಲು ಇರಲಿ, ಕೆಲಸಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ವೃತ್ತಗಳೇ ಮೇಲು, ಏಕೆಂದರೆ ಪಕ್ಕದಲ್ಲಿ ನಂಬರ್ ಬರೆಯಬಹುದು. ಗುಂಪಿಗೆ 70 ಹುಣಸೆಬೀಜ. ಅಂದರೆ 700 ಬೀಜ, ಜೊತೆಗೆ ಕಳೆದುಹೋಗುವುದಕ್ಕೆಂದು ಐವತ್ತು ಹೆಚ್ಚು. ಹಿಂದಿನ ದಿನವೇ ಎಪ್ಪತ್ತೆಪ್ಪತ್ತು ಎಣಿಸಿ ಪೊಟ್ಟಣ ಕಟ್ಟಿಡಿ, ಇಲ್ಲದಿದ್ದರೆ ಹದಿನೈದು ನಿಮಿಷ ಎಣಿಕೆಗೇ ಹೋಗುತ್ತದೆ. ಗುಲಗಂಜಿ ಮಾತ್ರ ಬೇಡ. ನೋಡಲು ಚೆಂದ, ಆಟಕ್ಕೂ ಬಳಸುವುದುಂಟು, ಆದರೆ ಆ ಬೀಜ ವಿಷಕಾರಿ. ಮಕ್ಕಳು ಬಾಯಿಗೆ ಹಾಕಿ ಕಡಿದರೆ ಜೀವಕ್ಕೇ ಅಪಾಯ.

ಮೊದಲ ಪೀರಿಯಡ್: ನಿಯಮ ಬರೆಯುವುದು

ಮಕ್ಕಳಿಗೆ ಆಟ ಕಲಿಸಬೇಡಿ. ಯಾರಿಗೆ ಗೊತ್ತಿದೆ ಎಂದು ಕೇಳಿ, ಗೊತ್ತಿದ್ದವರು ಹೇಳಲಿ. ಒಬ್ಬರ ಮನೆಯಲ್ಲಿ ಗುಳಿಗೆ 5 ಕಾಳು, ಇನ್ನೊಬ್ಬರಲ್ಲಿ 4. ಒಬ್ಬರು ನಾಲ್ಕು ಕಾಳು ಕೂಡಿದ ಗುಳಿಯನ್ನು ಎತ್ತಿಕೊಳ್ಳುತ್ತಾರೆ, ಇನ್ನೊಬ್ಬರಲ್ಲಿ ಆ ನಿಯಮವೇ ಇಲ್ಲ. ಐದೇ ನಿಮಿಷಕ್ಕೆ ‘ನಮ್ಮ ಕಡೆ ಹಾಗಲ್ಲ’ ಎಂಬ ಜಗಳ ಶುರುವಾಗುತ್ತದೆ. ಆ ಜಗಳವೇ ಪಾಠ, ತಡೆಯಬೇಡಿ. ಯಂತ್ರಕ್ಕೆ ‘ನಮ್ಮ ಕಡೆ’ ಎಂಬುದಿಲ್ಲ, ಬರೆದದ್ದಷ್ಟೇ ಇರುವುದು.

ಜಗಳ ತಣ್ಣಗಾದ ಮೇಲೆ ಇಡೀ ತರಗತಿಗೆ ಒಂದೇ ಪಾಠಾಂತರ ಗೊತ್ತುಮಾಡಿ. ಇಲ್ಲಿಂದ ಮುಂದಿನ ಲೆಕ್ಕಗಳೆಲ್ಲ ಈ ನಿಯಮದವು. ಗುಳಿಗೆ 5 ಕಾಳು. ನಿಮ್ಮ ಸಾಲಿನ ಒಂದು ಗುಳಿಯ ಕಾಳನ್ನೆಲ್ಲ ಎತ್ತಿ, ಅದರ ಮುಂದಿನ ಗುಳಿಯಿಂದ ಒಂದೊಂದೇ ಹಾಕುತ್ತಾ ಹೋಗಿ. ಕೈ ಖಾಲಿಯಾದಾಗ, ಕೊನೆಯ ಕಾಳು ಬಿದ್ದ ಗುಳಿಯ ಮುಂದಿನದನ್ನು ನೋಡಿ. ಅದರಲ್ಲಿ ಕಾಳಿದ್ದರೆ ಅದನ್ನೆತ್ತಿ ಮುಂದುವರಿಸಿ. ಅದು ಖಾಲಿಯಿದ್ದರೆ, ಆ ಖಾಲಿ ಗುಳಿಯ ಮುಂದಿನದರಲ್ಲಿ ಇರುವ ಕಾಳೆಲ್ಲ ನಿಮ್ಮದು, ಯಾರ ಸಾಲಿನದಾದರೂ ಸರಿ. ಅಲ್ಲೂ ಏನಿಲ್ಲದಿದ್ದರೆ ಏನೂ ಸಿಗುವುದಿಲ್ಲ. ಅಲ್ಲಿಗೆ ಸರದಿ ಮುಗಿಯಿತು.

ಈಗ ಪ್ರತಿ ಗುಂಪೂ ಇದನ್ನು ಹೆಜ್ಜೆಹೆಜ್ಜೆಯಾಗಿ ಕಾಗದದ ಮೇಲೆ ಬರೆಯಲಿ. ಬರೆದದ್ದನ್ನು ಪಕ್ಕದ ಗುಂಪಿಗೆ ಕೊಟ್ಟು ಆಡಿಸಿ. ನಾಲ್ವರಿಗೆ ನಾಲ್ಕು ಕೆಲಸ: ಒಬ್ಬರು ಓದುವವರು, ಒಬ್ಬರು ‘ಕೈ’, ಒಬ್ಬರು ಬರೆದುಕೊಳ್ಳುವವರು, ಒಬ್ಬರು ಲೆಕ್ಕ ನೋಡುವವರು. ‘ಕೈ’ ಆದವರು ಓದಿದ್ದನ್ನು ಬಿಟ್ಟು ಬೇರೇನೂ ಮಾಡಬಾರದು. ಇಲ್ಲೊಂದು ತೊಂದರೆ ತಪ್ಪದೆ ಬರುತ್ತದೆ. ಆಟ ಗೊತ್ತಿರುವ ಮಗು ‘ಕೈ’ ಆದರೆ ಬರಹದಲ್ಲಿ ತಪ್ಪಿದ್ದರೂ ಸರಿಯಾಗಿಯೇ ಆಡಿಬಿಡುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಆಟ ಗೊತ್ತಿಲ್ಲದವರನ್ನೇ ಆ ಕೆಲಸಕ್ಕೆ ಕೂರಿಸಿ.

‘ಬಲಕ್ಕೆ ಹಾಕು’ ಎಂದು ಬರೆದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಎದುರುಬದುರು ಕೂತವರಿಗೆ ಬಲ ಬೇರೆ ಬೇರೆ. ‘ಎತ್ತಿ ಹಂಚು’ ಎಂದಷ್ಟೇ ಬರೆದರೆ ಕೆಲವರು ಮೊದಲ ಕಾಳನ್ನು ಎತ್ತಿದ ಗುಳಿಗೇ ಹಾಕುತ್ತಾರೆ. ಎರಡಕ್ಕೂ ಒಂದೇ ಮದ್ದು, ಗುಳಿಗಳಿಗೆ ನಂಬರ್ ಕೊಡುವುದು.

ಎರಡನೆಯದು: ನಂಬರ್ ಬೇರೆ, ಕಾಳು ಬೇರೆ

ಇಡೀ ಪಾಠದಲ್ಲಿ ಅತಿ ಹೆಚ್ಚು ಸಮಯ ಬೇಡುವುದು ಇದು. ಅವಸರ ಮಾಡಿದರೆ ಮುಂದೆ ಪ್ರತಿ ಸಾಲಿಗೂ ದಂಡ ತೆರಬೇಕಾಗುತ್ತದೆ.

ಗುಳಿಗಳಿಗೆ 0ರಿಂದ 13ರವರೆಗೆ ನಂಬರ್ ಹಾಕಿಸಿ. ಒಬ್ಬ ಆಟಗಾರರ ಮುಂದಿನ ಸಾಲು ಎಡದಿಂದ ಬಲಕ್ಕೆ 0ರಿಂದ 6, ಎದುರಿನ ಸಾಲು ತಿರುಗಿ ಬರುತ್ತಾ 7ರಿಂದ 13. ನಂಬರನ್ನು ವೃತ್ತದ ಹೊರಗೆ ಬರೆಯಬೇಕು, ಕಾಳು ಒಳಗೆ ಇರಬೇಕು. ಮನೆ ನಂಬರ್ ಗೋಡೆಯ ಮೇಲಿರುತ್ತದೆ, ಜನ ಒಳಗಿರುತ್ತಾರೆ. ಮೂರನೇ ನಂಬರಿನ ಮನೆಯಲ್ಲಿ ಎಂಟು ಜನ ಇರಬಹುದು, ಅದರಿಂದ ಮನೆ ನಂಬರ್ ಎಂಟಾಗುವುದಿಲ್ಲ. ಮುಂದೆ ‘ಸ್ಥಾನ’ ಎಂದರೆ ಹೊರಗಿನ ನಂಬರ್, ‘ಗುಳಿ[ಸ್ಥಾನ]’ ಎಂದರೆ ಒಳಗಿನ ಕಾಳು. ಹತ್ತು ನಿಮಿಷ ಬರೀ ಬಾಯಿ ಅಭ್ಯಾಸ ಮಾಡಿಸಿ: ಸ್ಥಾನ 4, ಗುಳಿಯಲ್ಲಿ ಎಷ್ಟು? ಗುಳಿಯಲ್ಲಿ 6 ಇರುವ ಸ್ಥಾನಗಳು ಯಾವುವು? ಎರಡನೇ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರ ಇರಬಹುದು ಎಂದು ಮಕ್ಕಳೇ ಹೇಳುವವರೆಗೆ ಮುಂದೆ ಹೋಗಬೇಡಿ.

0ಯಿಂದ ಏಕೆ ಎಂದು ಕೇಳಿಯೇ ಕೇಳುತ್ತಾರೆ. 13ರ ಮುಂದಿನ ಗುಳಿ 0. ಇದನ್ನು ಒಂದೇ ಸೂತ್ರದಲ್ಲಿ ಹೇಳಬಹುದು: ಸ್ಥಾನಕ್ಕೆ 1 ಕೂಡಿಸಿ, 14ರಿಂದ ಭಾಗಿಸಿ, ಶೇಷ ತೆಗೆದುಕೊಳ್ಳಿ. 5ರ ಮುಂದಿನದು 6, ಶೇಷವೂ 6. 13ರ ಮುಂದಿನದು 14, ಶೇಷ 0. 1ರಿಂದ 14 ಎಂದು ನಂಬರ್ ಹಾಕಿ ಇದೇ ಸೂತ್ರ ಹಚ್ಚಿದರೆ 13ರ ಮುಂದೆ 0 ಬರುತ್ತದೆ, ಅಂಥ ಗುಳಿಯೇ ಇಲ್ಲ. ಗಡಿಯಾರದ ಲೆಕ್ಕ ಗೊತ್ತಿರುವ ಮಕ್ಕಳಿಗೆ ಇದು ಬೇಗ ಹತ್ತುತ್ತದೆ.

ಮೂರನೆಯದು: ಕೈಯಲ್ಲಿ ನಡೆಸಿ ನೋಡುವುದು

ಎಲ್ಲ ಗುಳಿಯಲ್ಲೂ 5 ಇಟ್ಟು, 0ಯಿಂದ ಶುರುಮಾಡಿ ಒಂದು ಸರದಿ ಪೂರ್ತಿ ಆಡಿಸಿ. ಪ್ರತಿ ಸಲ ಎತ್ತಿ ಹಾಕಿದ ಮೇಲೂ 14 ಅಂಕಿಗಳನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಲಿ. ಸರಿಯಾದ ಉತ್ತರ ಹೀಗಿದೆ (ಬಲತುದಿಯ ಅಂಕಿ 13ನೇ ಗುಳಿಯದು):

0 ಎತ್ತಿದ ಮೇಲೆ: 0 6 6 6 6 6 5 5 5 5 5 5 5 5
6 ಎತ್ತಿದ ಮೇಲೆ: 0 6 6 6 6 6 0 6 6 6 6 6 5 5
12 ಎತ್ತಿದ ಮೇಲೆ: 1 7 7 7 6 6 0 6 6 6 6 6 0 6
4 ಎತ್ತಿದ ಮೇಲೆ: 1 7 7 7 0 7 1 7 7 7 7 6 0 6
11 ಎತ್ತಿದ ಮೇಲೆ: 2 8 8 8 0 7 1 7 7 7 7 0 1 7

ಕೊನೆಯ ಕಾಳು 3ರಲ್ಲಿ ಬಿತ್ತು. ಮುಂದಿನ 4 ಖಾಲಿ. ಹಾಗಾಗಿ 5ರಲ್ಲಿದ್ದ 7 ಕಾಳು ಸಿಕ್ಕವು. ಐದು ಸಲ ಎತ್ತಿದ್ದಾಯಿತು, ಮಣೆಯಲ್ಲಿ ಉಳಿದದ್ದು 63.

ಲೆಕ್ಕ ನೋಡುವವರ ಕೆಲಸ ಈಗ ಬಂತು. ಪ್ರತಿ ಸಾಲಿನ ಅಂಕಿಗಳನ್ನು ಕೂಡಿಸಿ, ಗೆದ್ದದ್ದನ್ನು ಸೇರಿಸಿದರೆ ಯಾವಾಗಲೂ 70 ಬರಬೇಕು. ಏನೇ ನಡೆದರೂ ಬದಲಾಗದ ಇಂಥ ಮೊತ್ತವನ್ನು ಹಿಡಿದಿಟ್ಟುಕೊಳ್ಳುವುದು ಅಭ್ಯಾಸವಾದರೆ, ಮಕ್ಕಳು ಮುಂದೆ ಎಷ್ಟು ದೊಡ್ಡ ಪ್ರೋಗ್ರಾಮ್ ಬರೆದರೂ ತಮ್ಮ ತಪ್ಪನ್ನು ತಾವೇ ಹಿಡಿಯುತ್ತಾರೆ. ನಿಮಗೆ ಸಮಯ ಕಡಿಮೆಯಿದ್ದು ಏನಾದರೂ ಬಿಡಲೇಬೇಕಾದರೆ ಬೇರೇನನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಬೇಗ ಮುಗಿಸಿದ ಗುಂಪಿಗೆ ಗುಳಿಗೆ 4ರಂತೆ ಇಟ್ಟು ಇದನ್ನೇ ಮಾಡಲು ಕೊಡಿ. ಅಲ್ಲಿ ಏಳು ಸಲ ಎತ್ತಬೇಕಾಗುತ್ತದೆ, ಸಿಗುವುದು 6 ಕಾಳು. ಇನ್ನೊಂದು ಒಳ್ಳೆಯ ಪ್ರಶ್ನೆ: ಐದರ ಆಟದಲ್ಲಿ 0ಯ ಬದಲು 3ರಿಂದ ಶುರುಮಾಡಿದರೆ ಎಷ್ಟು ಸಿಗುತ್ತದೆ? ಆಡದೆಯೇ ‘ಏಳೇ’ ಎಂದು ಹೇಳುವ ಮಗು ಒಂದಾದರೂ ಇರುತ್ತದೆ. ಎಲ್ಲ ಗುಳಿಯೂ ಒಂದೇ ಥರ ಇರುವಾಗ ಎಲ್ಲಿಂದ ಶುರುಮಾಡಿದರೂ ಒಂದೇ ಎಂದು ಆ ಮಗುವಿನ ಬಾಯಿಂದಲೇ ತರಗತಿಗೆ ಹೇಳಿಸಿ.

ನಾಲ್ಕನೆಯದು: ಹೆಜ್ಜೆಗಳನ್ನು ಬಿಗಿಗೊಳಿಸುವುದು

ಮಕ್ಕಳು ಮೊದಲ ದಿನ ಬರೆದ ಹೆಜ್ಜೆಗಳನ್ನು ತಿದ್ದುತ್ತಾ ತಿದ್ದುತ್ತಾ ಹೆಚ್ಚುಕಡಿಮೆ ಈ ರೂಪಕ್ಕೆ ಬರುತ್ತಾರೆ. ಬಾಣದ ಗುರುತಿಗೆ ‘ಎಡಗಡೆಯ ಹೆಸರಿಗೆ ಬಲಗಡೆಯ ಬೆಲೆ ಹಾಕು’ ಎಂದರ್ಥ. ಸಾಲಿನ ಮುಂದೆ ಗೀಟಿದ್ದರೆ ಅದು ಮೇಲಿನ ಸುತ್ತಿನ ಒಳಗಿನ ಕೆಲಸ, ಎರಡು ಗೀಟಿದ್ದರೆ ಅದರೊಳಗಿನ ಸುತ್ತಿನದು.

1. ಸ್ಥಾನ ← ಆರಿಸಿದ ಗುಳಿಯ ನಂಬರ್
2. ಮತ್ತೆ ಮತ್ತೆ ಮಾಡು:
3. — ಕೈ ← ಗುಳಿ[ಸ್ಥಾನ]
4. — ಗುಳಿ[ಸ್ಥಾನ] ← 0
5. — ಕೈ 0 ಆಗುವವರೆಗೆ:
6. — — ಸ್ಥಾನ ← (ಸ್ಥಾನ + 1) ಅನ್ನು 14ರಿಂದ ಭಾಗಿಸಿದ ಶೇಷ
7. — — ಗುಳಿ[ಸ್ಥಾನ] ← ಗುಳಿ[ಸ್ಥಾನ] + 1
8. — — ಕೈ ← ಕೈ − 1
9. — ಸ್ಥಾನ ← (ಸ್ಥಾನ + 1) ಅನ್ನು 14ರಿಂದ ಭಾಗಿಸಿದ ಶೇಷ
10. — ಗುಳಿ[ಸ್ಥಾನ] 0 ಆಗಿದ್ದರೆ ಹೊರಗೆ ಬಾ
11. ಸ್ಥಾನ ← (ಸ್ಥಾನ + 1) ಅನ್ನು 14ರಿಂದ ಭಾಗಿಸಿದ ಶೇಷ
12. ಗೆದ್ದದ್ದು ← ಗುಳಿ[ಸ್ಥಾನ]
13. ಗುಳಿ[ಸ್ಥಾನ] ← 0

ಈ ಪಟ್ಟಿಯನ್ನು ಬೋರ್ಡಿನ ಮೇಲೆ ನೀವೇ ಬರೆದುಕೊಟ್ಟರೆ ಪಾಠ ಅಲ್ಲಿಗೆ ಮುಗಿದಂತೆ. ಮಕ್ಕಳದ್ದು ಉದ್ದವಾಗಿದ್ದರೂ ಒರಟಾಗಿದ್ದರೂ ಅವರದ್ದನ್ನೇ ತಿದ್ದಿಸಿ. ಇದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಯಾರು ಎಲ್ಲಿ ಎಡವಿದ್ದಾರೆ ಎಂದು ಹೋಲಿಸಿ ನೋಡಲು.

ಎಡವುವ ಜಾಗಗಳು ಕೆಲವೇ, ಮತ್ತು ಪ್ರತಿಯೊಂದಕ್ಕೂ ತನ್ನದೇ ಲಕ್ಷಣವಿದೆ. ನಾಲ್ಕನೇ ಸಾಲು ಮರೆತರೆ ಗುಳಿ ಖಾಲಿಯಾಗುವುದೇ ಇಲ್ಲ, ಮೊದಲ ಸಲ ಎತ್ತಿ ಹಾಕಿದಾಗಲೇ ಮೊತ್ತ 75 ಆಗಿರುತ್ತದೆ. ಮೂರು ಮತ್ತು ನಾಲ್ಕನ್ನು ಅದಲುಬದಲು ಮಾಡಿದರೆ ಮೊದಲು ಗುಳಿ ಖಾಲಿಯಾಗಿ ಆಮೇಲೆ ಕೈಗೆ ಸೊನ್ನೆ ಬರುತ್ತದೆ. ಆಗ ಹಾಕಲು ಕಾಳೇ ಇಲ್ಲದೆ ಮುಂದಿನ ಗುಳಿಗೆ ಹೋಗಿ ಅದನ್ನೂ ಅಳಿಸುತ್ತದೆ, ಹೀಗೆ ಒಂದು ಸುತ್ತು ಬರುವಷ್ಟರಲ್ಲಿ ಮಣೆಯೆಲ್ಲ ಸೊನ್ನೆ. ಆರನೇ ಸಾಲಿನಲ್ಲಿ ಶೇಷ ತೆಗೆಯುವುದನ್ನು ಬಿಟ್ಟರೆ ಮೂರನೇ ಸಲ ಎತ್ತುವವರೆಗೆ ಎಲ್ಲ ಸರಿ, ಆಮೇಲೆ 14ನೇ ಗುಳಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಎಂಟನೇ ಸಾಲು ಒಳಸುತ್ತಿನಿಂದ (ಐದರಿಂದ ಎಂಟರವರೆಗಿನ ಒಳಗಿನ ಲೂಪ್) ಹೊರಗೆ ಬಿದ್ದರೆ ಕೈ ಎಂದೂ ಖಾಲಿಯಾಗದೆ ಕಾಳು ಹುಟ್ಟುತ್ತಲೇ ಹೋಗುತ್ತವೆ.

ಒಂಬತ್ತನೇ ಸಾಲು ಬಿಟ್ಟುಹೋಗುವುದು ಇವೆಲ್ಲಕ್ಕಿಂತ ಚೆಂದದ ತಪ್ಪು. ಆಟ ಮುಗಿಯುವುದೇ ಇಲ್ಲ. ಏಕೆ? ಹತ್ತನೇ ಸಾಲು ಆಗ ನೋಡುವುದು ಕೊನೆಯ ಕಾಳು ಬಿದ್ದ ಗುಳಿಯನ್ನೇ. ಈಗತಾನೇ ಕಾಳು ಬಿದ್ದ ಗುಳಿ ಖಾಲಿ ಇರಲು ಸಾಧ್ಯವೇ ಇಲ್ಲ, ಆದ್ದರಿಂದ ಹೊರಗೆ ಬರುವ ದಾರಿ ಮುಚ್ಚಿಹೋಗಿದೆ. ಇದನ್ನು ಮಕ್ಕಳು ತಾವೇ ಕಂಡುಕೊಳ್ಳಲು ಇಡೀ ಪೀರಿಯಡ್ ಹೋದರೂ ಹೋಗಲಿ. ಒಂದು ಲೂಪ್ ನಿಲ್ಲುವುದಿಲ್ಲ ಎಂಬುದನ್ನು ಓಡಿಸದೆ ತರ್ಕದಿಂದಲೇ ಹೇಳುವುದು ಕಂಪ್ಯೂಟರ್ ವಿಜ್ಞಾನದ ತಿರುಳು.

ಐದನೆಯದು: ಪೈಥಾನ್

ನಾಲ್ಕೈದು ಮಕ್ಕಳಿಗೆ ಒಂದು ಕಂಪ್ಯೂಟರ್ ಇದ್ದರೂ ಸಾಕು. ಒಬ್ಬರು ಟೈಪ್ ಮಾಡುವವರು, ಒಬ್ಬರು ಹೇಳುವವರು, ಉಳಿದವರು ಮೂರನೇ ದಿನದ ಕಾಗದ ಹಿಡಿದು ಹೋಲಿಸುವವರು. ಐದು ನಿಮಿಷಕ್ಕೊಮ್ಮೆ ಕೀಬೋರ್ಡ್ ಕೈಬದಲಾಗಬೇಕು. ಗಡಿಯಾರ ನೋಡಿ ನೀವೇ ಹೇಳದಿದ್ದರೆ ಅದು ಒಬ್ಬರ ಹತ್ತಿರವೇ ಉಳಿದುಬಿಡುತ್ತದೆ, ಸಾಮಾನ್ಯವಾಗಿ ಮನೆಯಲ್ಲಿ ಕಂಪ್ಯೂಟರ್ ಇರುವ ಮಗುವಿನ ಹತ್ತಿರ. ಕರೆಂಟ್ ಹೋದರೆ ಅದೇ ಗುಂಪು ನೆಲಕ್ಕೆ ಬಂದು ಕೂರಲಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ಮುಖ್ಯವಾದ ಮಾತು: ಪೈಥಾನ್ 3ರಲ್ಲಿ ವೇರಿಯಬಲ್‌ಗಳ (ಬೆಲೆ ಇಟ್ಟುಕೊಳ್ಳುವ ಜಾಗಗಳ) ಹೆಸರು ಕನ್ನಡದಲ್ಲೇ ಇರಬಹುದು. ‘ಗುಳಿ’, ‘ಕೈ’, ‘ಸ್ಥಾನ’ ಎಂದು ಬರೆದರೆ ಅದು ಯಾವ ತಕರಾರೂ ಇಲ್ಲದೆ ಓಡುತ್ತದೆ. ಭಾಷೆಯ ಸ್ವಂತ ಪದಗಳಾದ ವೈಲ್, ಇಫ್, ಬ್ರೇಕ್ ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಎರಡು ಎಚ್ಚರಿಕೆ. ‘ಲಿಸ್ಟ್‌ಗೆ’ ಎಂಬಂಥ ಪದಗಳಲ್ಲಿ ಒತ್ತಕ್ಷರ ಬಿಡಿಸಲು ಕೀಬೋರ್ಡ್ ಒಂದು ಕಣ್ಣಿಗೆ ಕಾಣದ ಗುರುತು ಸೇರಿಸುತ್ತದೆ, ಅದು ಹೆಸರಿನೊಳಗೆ ಬಂದರೆ ಪೈಥಾನ್ ಒಪ್ಪುವುದಿಲ್ಲ. ಸಾಲು ನೋಡಿದರೆ ತಪ್ಪೇ ಕಾಣುವುದಿಲ್ಲ, ಮಕ್ಕಳು ಕಂಗಾಲಾಗುತ್ತಾರೆ. ಚಿಕ್ಕ, ಸರಳ ಹೆಸರುಗಳನ್ನೇ ಇಟ್ಟುಕೊಳ್ಳಿ. ಹಾಗೆಯೇ ಅಂಕಿಗಳನ್ನು ೫ ಎಂದು ಬರೆದರೆ ನಡೆಯದು, 5 ಎಂದೇ ಬರೆಯಬೇಕು.

ಶೇಷಕ್ಕೆ ಪೈಥಾನ್‌ನಲ್ಲಿ % ಗುರುತು. ಇದು ಶೇಕಡಾ ಅಲ್ಲ ಎಂದು ಮೊದಲೇ ಹೇಳಿಬಿಡಿ. ಗುಳಿಯ ನಂಬರನ್ನು ಕೀಬೋರ್ಡಿನಿಂದ ಕೇಳಿ ಪಡೆಯುವಾಗ ಇನ್‌ಪುಟ್ ಎಂಬ ಆಜ್ಞೆ ಕೊಡುವುದು ಅಕ್ಷರಗಳನ್ನು, ಸಂಖ್ಯೆಯನ್ನಲ್ಲ. ಅದನ್ನು ಇಂಟ್ ಎಂಬ ಫಂಕ್ಷನ್ನಿನೊಳಗೆ (ಕೊಟ್ಟದ್ದನ್ನು ಬದಲಿಸಿ ಕೊಡುವ ಸಿದ್ಧ ಸಲಕರಣೆ) ಹಾಕಿ ಸಂಖ್ಯೆ ಮಾಡಿಕೊಳ್ಳದಿದ್ದರೆ ಮೂರನೇ ಸಾಲಿನಲ್ಲೇ ನಿಲ್ಲುತ್ತದೆ. ಮಣೆಯನ್ನು ಪ್ರಿಂಟ್ ಮಾಡುವ ಸಾಲು ಒಳಸುತ್ತಿನ ಹೊರಗೆ, ಎಂಟು ಮತ್ತು ಒಂಬತ್ತರ ನಡುವೆ ಇರಲಿ. ಆಗ ಮೊದಲ ಸರದಿಗೆ ಐದೇ ಸಾಲು ಬರುತ್ತವೆ, ಕಾಗದದ ಐದು ಸಾಲಿನ ಪಕ್ಕ ಇಟ್ಟು ನೋಡಬಹುದು. ಒಳಗೆ ಹಾಕಿದರೆ 27 ಸಾಲು ಬಂದು ಯಾರೂ ಓದುವುದಿಲ್ಲ. ನಿಲ್ಲದ ಲೂಪ್ ಬಂದರೆ ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸುವುದನ್ನು ಎಲ್ಲರಿಗೂ ಮೊದಲೇ ತೋರಿಸಿರಿ, ಇಲ್ಲದಿದ್ದರೆ ಸ್ವಿಚ್ ಆರಿಸಿಬಿಡುತ್ತಾರೆ.

ಓಡಿತು ಎಂದರೆ ಸರಿಯಾಯಿತು ಎಂದಲ್ಲ. ಇನ್ನೆರಡು ಮಣೆ ಕೊಟ್ಟು ನೋಡಿ. ಎಲ್ಲ ಗುಳಿಯಲ್ಲೂ 1 ಇಟ್ಟು 0ಯಿಂದ ಶುರುಮಾಡಿದರೆ ಏಳು ಸಲ ಎತ್ತಿ 2 ಕಾಳು ಗೆಲ್ಲಬೇಕು. 13ರಲ್ಲಿ ಮಾತ್ರ 1, ಉಳಿದೆಲ್ಲ 0 ಇದ್ದು 13ರಿಂದ ಶುರುಮಾಡಿದರೆ ಒಂದೇ ಸಲ ಎತ್ತಿ ಏನೂ ಗೆಲ್ಲಬಾರದು. ಖಾಲಿ ಗುಳಿಯನ್ನೇ ಆರಿಸಿದರೆ ಏನು ಮಾಡಬೇಕು ಎಂಬುದನ್ನು ನಾವು ಇನ್ನೂ ಬರೆದೇ ಇಲ್ಲ. ಅದನ್ನು ಯಾರಾದರೂ ಗಮನಿಸಿ ಕೇಳುತ್ತಾರಾ ನೋಡಿ, ಕೇಳಿದವರಿಗೆ ಆ ಸಾಲನ್ನು ಸೇರಿಸುವ ಗೌರವ.

ಆರನೆಯದು: ಯಾವ ಗುಳಿ ಎತ್ತಬೇಕು?

ಮೊದಲ ಸರದಿ ಮುಗಿದು 7 ಕಾಳು ಹೋದ ಮೇಲೆ ಮಣೆ ಹೀಗಿದೆ: 2 8 8 8 0 0 1 7 7 7 7 0 1 7. ಈಗ ಎದುರಿನವರ ಸರದಿ, ಅವರ ಗುಳಿಗಳು 7ರಿಂದ 13. ಯಾವುದನ್ನು ಎತ್ತಿದರೆ ಲಾಭ? ಓಡಿಸುವ ಮೊದಲು ಕೈ ಎತ್ತಿಸಿ ಅಭಿಪ್ರಾಯ ಕೇಳಿ. ಹೆಚ್ಚಿನವರು 7 ಕಾಳಿರುವ ಯಾವುದಾದರೂ ಗುಳಿ ಹೇಳುತ್ತಾರೆ, ಒಂದೇ ಕಾಳಿರುವ 12ನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಉತ್ತರ ಇದು: 7 ಎತ್ತಿದರೆ 3, 8ಕ್ಕೆ 1, 9ಕ್ಕೆ 3, 10ಕ್ಕೆ ಏನೂ ಇಲ್ಲ, 12ಕ್ಕೆ 8, 13ಕ್ಕೆ 10. ಹನ್ನೊಂದು ಖಾಲಿ. ಏಳು ಕಾಳಿನ 10ನೇ ಗುಳಿ ಬರಿಗೈಯಲ್ಲಿ ಕಳಿಸಿತು, ಒಂಟಿ ಕಾಳಿನ 12 ಎಂಟು ತಂದುಕೊಟ್ಟಿತು. ಕಣ್ಣಂದಾಜು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಎಲ್ಲ ದಾರಿಯನ್ನೂ ನಡೆದೇ ನೋಡಬೇಕು. ಆ ಬೇಸರದ ಕೆಲಸಕ್ಕೇ ಕಂಪ್ಯೂಟರ್.

ಇಲ್ಲಿ ಪೈಥಾನ್ ಒಂದು ಗುಂಡಿ ತೋಡಿಟ್ಟಿದೆ. ಪ್ರತಿ ಗುಳಿಯನ್ನು ಪ್ರಯತ್ನಿಸುವ ಮೊದಲು ಮಣೆಯ ನಕಲು ಬೇಕು. ಮಕ್ಕಳು ‘ನಕಲು = ಗುಳಿ’ ಎಂದು ಬರೆಯುತ್ತಾರೆ. ಅದು ಎರಡನೇ ಮಣೆಯಲ್ಲ, ಅದೇ ಮಣೆಗೆ ಎರಡನೇ ಹೆಸರು. ಲಕ್ಷಣ ಸ್ಪಷ್ಟ: 7ಕ್ಕೆ ಉತ್ತರ 3 ಎಂದು ಸರಿಯಾಗಿ ಬರುತ್ತದೆ, 8ರಿಂದ ಮುಂದೆ ನಂಬುವಂತಿಲ್ಲ, ಏಕೆಂದರೆ ಕೆಟ್ಟುಹೋದ ಮಣೆಯ ಮೇಲೆ ಆಡುತ್ತಿದೆ. ‘ಗುಳಿ’ಯನ್ನು ಲಿಸ್ಟ್ ಎಂಬ ಫಂಕ್ಷನ್ನಿನೊಳಗೆ ಹಾಕಿದರೆ ಹೊಸ ಮಣೆ ಸಿಗುತ್ತದೆ. ನೆಲದ ಮೇಲೆ ತೋರಿಸುವುದು ಇನ್ನೂ ಸುಲಭ. ಒಂದೇ ಮಣೆಗೆ ಎರಡು ಚೀಟಿ ಅಂಟಿಸಿ ಒಂದು ಚೀಟಿಯವರು ಆಡಲಿ, ಇನ್ನೊಂದು ಚೀಟಿಯವರಿಗೆ ‘ನಿಮ್ಮ ಮಣೆ ಹೇಗಿದೆ’ ಎಂದು ಕೇಳಿ.

ಅಂಕ ಕೊಡುವುದಕ್ಕೆ ಪ್ರೋಗ್ರಾಮ್ ಬರೆಸಬೇಕಿಲ್ಲ. ಮೇಲಿನ ಪಟ್ಟಿಯಲ್ಲಿ ಒಂದು ಸಾಲು ಕೆಡಿಸಿ, ಅದು ಕೊಟ್ಟ ಅಂಕಿಗಳನ್ನೂ ಕೊಟ್ಟು, ಎಲ್ಲಿ ತಪ್ಪಿದೆ ಮತ್ತು ಅದರಿಂದಲೇ ಈ ಅಂಕಿ ಏಕೆ ಬಂತು ಎಂದು ಬರೆಯಲು ಹೇಳಿ. ಸಾಲು ಗುರುತಿಸಿದ್ದಕ್ಕೆ 2, ಕಾರಣಕ್ಕೆ 3.

ಪೀರಿಯಡ್ ಉಳಿದರೆ ಮೊದಲ ದಿನ ಬದಿಗಿಟ್ಟ ನಿಯಮವನ್ನು ವಾಪಸ್ ತನ್ನಿ: ಕಾಳು ಹಾಕುವಾಗ ಯಾವ ಗುಳಿಯಲ್ಲಿ ನಾಲ್ಕು ಕೂಡುತ್ತದೋ ಆ ನಾಲ್ಕೂ ಆ ಸಾಲಿನವರಿಗೆ. ಹೊಸ ಸಾಲು ಏಳರ ನಂತರ ಬರಬೇಕು, ಒಳಸುತ್ತಿನೊಳಗೇ. ಒಬ್ಬರ ಗೆಲುವಿಗೆ ಒಂದರಂತೆ ಈಗ ಎರಡು ಲೆಕ್ಕ ಇಡಬೇಕು, ಸ್ಥಾನ 7ಕ್ಕಿಂತ ಕಡಿಮೆಯೋ ಎಂದು ನೋಡಿ ಯಾರಿಗೆ ಎಂದು ತೀರ್ಮಾನಿಸಬೇಕು. 70ರ ಮೊತ್ತಕ್ಕೆ ಎರಡನ್ನೂ ಸೇರಿಸಬೇಕು. ಇನ್ನೊಂದು ತೊಡಕೂ ಇದೆ: ಕೈಯ ಕೊನೆಯ ಕಾಳಿನಿಂದಲೇ ನಾಲ್ಕು ಕೂಡಿ ಆ ಗುಳಿ ಖಾಲಿಯಾದರೆ, ಸರದಿ ಅಲ್ಲಿಗೆ ನಿಲ್ಲುತ್ತದೋ, ಮುಂದಿನ ಗುಳಿಯಿಂದ ನಡೆಯುತ್ತದೋ? ಉತ್ತರ ಊರಿನಿಂದ ಊರಿಗೆ ಬೇರೆ. ಮಕ್ಕಳು ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬಂದು, ಹತ್ತನೇ ಸಾಲನ್ನು ಅದರಂತೆ ತಿದ್ದಲಿ.